ಗೋಧಿ ಸೋತ ನೆಲದಲ್ಲಿ ಗೆದ್ದ ಜವೆ

ದಿನಸಿ ಅಂಗಡಿಗೆ ಹೋಗಿ ಬಾರ್ಲಿ ಕೇಳಿದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಅಂಗಡಿಯವರು ವಿಚಾರಿಸುವುದುಂಟು. ಉರಿಮೂತ್ರಕ್ಕೆ ಬಾರ್ಲಿ ನೀರು, ಬಿಸಿಲಿನ ಝಳಕ್ಕೆ ಬಾರ್ಲಿ ನೀರು, ಜ್ವರದಿಂದ ಎದ್ದವರಿಗೆ ಬಾರ್ಲಿ ಗಂಜಿ. ಕರ್ನಾಟಕದ ಬಹುತೇಕ ಮನೆಗಳಲ್ಲಿ ಈ ಧಾನ್ಯದ ಪರಿಚಯ ಅಲ್ಲಿಗೇ ಮುಗಿಯುತ್ತದೆ. ಪಥ್ಯದ ವಸ್ತುವಾಗಿ ಡಬ್ಬಿಯ ತಳದಲ್ಲಿ ಕುಳಿತಿರುವ ಈ ಬಿಳಿಯ ಕಾಳು ಒಂದು ಕಾಲದಲ್ಲಿ ಕೂಲಿಯಾಗಿತ್ತು, ಹಣವಾಗಿತ್ತು, ತೂಕದ ಬೊಟ್ಟಾಗಿತ್ತು, ಉದ್ದದ ಅಳತೆಯಾಗಿತ್ತು, ದೇವತೆಗಳಿಗೆ ಹವಿಸ್ಸಾಗಿತ್ತು ಎಂದರೆ ನಂಬುವುದು ತುಸು ಕಷ್ಟ.

ಕನ್ನಡದಲ್ಲಿ ಇದಕ್ಕೆ ಜವೆ ಅಥವಾ ಜವೆಗೋಧಿ ಎಂಬ ಹೆಸರಿದೆ. ಯಾತ್ರೆ ಜಾತ್ರೆಯಾದಂತೆ, ಯೋಗಿ ಜೋಗಿಯಾದಂತೆ, ಸಂಸ್ಕೃತದ ಯವ ನಮ್ಮಲ್ಲಿ ಜವೆಯಾಯಿತು. ಹಿಂದಿಯ ಜೌ ಕೂಡ ಅದೇ ಮಾತು. ಹೆಸರಿನ ಹಿಂದೆ ಗೋಧಿ ಸೇರಿಕೊಂಡಿದ್ದರೂ ಇದು ಗೋಧಿಯ ತಳಿಯಲ್ಲ. ಎರಡೂ ಹುಲ್ಲಿನ ಒಂದೇ ದೊಡ್ಡ ಕುಲಕ್ಕೆ ಸೇರಿದ ದಾಯಾದಿಗಳು, ಅಷ್ಟೆ. ದಾಯಾದಿಗಳ ನಡುವೆ ಆಸ್ತಿ ಹಂಚಿಕೆಯಾದಾಗ ಒಳ್ಳೆಯ ನೆಲ, ನೀರು, ಮಾರುಕಟ್ಟೆ ಎಲ್ಲವೂ ಗೋಧಿಯ ಪಾಲಿಗೆ ಹೋದವು. ಉಪ್ಪುನೆಲ, ಒಣನೆಲ, ಹಿಮದ ಅಂಚಿನ ನೆಲ ಜವೆಗೆ ಉಳಿದವು. ಅಂಥ ನೆಲದಲ್ಲಿ ನಿಂತು ಮನುಷ್ಯನನ್ನು ಸಾಕಿದ ಧಾನ್ಯದ ಚರಿತ್ರೆಯೇ ಜವೆಯ ಚರಿತ್ರೆ.

ಉದುರದೆ ಉಳಿದ ತೆನೆ

ಇಸ್ರೇಲಿನ ಗಲಿಲಾಯ ಸರೋವರದ ನೀರು 1989ರ ಬರಗಾಲದಲ್ಲಿ ತಗ್ಗಿದಾಗ ದಂಡೆಯ ಕೆಸರಿನಲ್ಲಿ ಹಳೆಯದೊಂದು ನೆಲೆ ಬಯಲಾಯಿತು. ಓಹಾಲೊ ಎಂದು ಹೆಸರಿಟ್ಟ ಆ ಜಾಗದಲ್ಲಿ ಸುಮಾರು 23 ಸಾವಿರ ವರ್ಷಗಳ ಹಿಂದೆ ಬೇಟೆಗಾರರ ಗುಡಿಸಲುಗಳಿದ್ದವು. ಅಲ್ಲಿ ಸಿಕ್ಕಿದ ಕಾಳುಗಳಲ್ಲಿ ಕಾಡುಜವೆಯೂ ಇತ್ತು. ಕಾಳು ಅರೆಯಲು ಬಳಸಿದ ಕಲ್ಲೂ ಸಿಕ್ಕಿತು. ಬೇಸಾಯ ಹುಟ್ಟುವುದಕ್ಕೆ ಹತ್ತು ಸಾವಿರ ವರ್ಷಗಳಿಗೂ ಮೊದಲೇ ಮನುಷ್ಯ ಈ ಹುಲ್ಲಿನ ಕಾಳನ್ನು ಆರಿಸಿ, ಅರೆದು ತಿನ್ನುತ್ತಿದ್ದ ಎಂಬುದಕ್ಕೆ ಇದು ಸಾಕ್ಷಿ.

ಕಾಡುಜವೆಯನ್ನು ಕೊಯ್ಯುವುದು ಸುಲಭದ ಕೆಲಸವಲ್ಲ. ತೆನೆ ಹಣ್ಣಾಗುತ್ತಲೇ ಅದರ ನಡುಕಡ್ಡಿ ಗೆಣ್ಣುಗೆಣ್ಣಾಗಿ ಮುರಿದು ಕಾಳು ನೆಲಕ್ಕೆ ಉದುರುತ್ತದೆ. ವಂಶ ಬೆಳೆಸಬೇಕಾದ ಗಿಡಕ್ಕೆ ಇದು ಒಳ್ಳೆಯದು, ಕೊಯ್ಯಲು ಬಂದವನಿಗೆ ನಷ್ಟ. ಸಾವಿರಾರು ಗಿಡಗಳ ನಡುವೆ ಎಲ್ಲೋ ಒಂದರಲ್ಲಿ ಈ ಕಡ್ಡಿ ಮುರಿಯದೆ ಗಟ್ಟಿಯಾಗಿ ಉಳಿಯುತ್ತಿತ್ತು. ಕಾಡಿನಲ್ಲಿ ಅಂಥ ಗಿಡಕ್ಕೆ ಸಂತಾನ ಕಡಿಮೆ. ಆದರೆ ಕುಡುಗೋಲು ಹಿಡಿದವನ ಕೈಗೆ ಸಿಕ್ಕುತ್ತಿದ್ದುದು ಉದುರದೆ ಉಳಿದ ಆ ತೆನೆಗಳೇ. ಮುಂದಿನ ವರ್ಷ ಅವನು ಬಿತ್ತಿದ್ದೂ ಅವುಗಳ ಬೀಜವನ್ನೇ. ಹೀಗೆ ಕೊಯ್ದು ಬಿತ್ತುವ ಕೆಲಸ ನೂರಾರು ತಲೆಮಾರು ನಡೆದು, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜವೆ ಹೊಲದ ಬೆಳೆಯಾಯಿತು. ತೆನೆಯ ಕಡ್ಡಿ ಗಟ್ಟಿಯಾದದ್ದಕ್ಕೆ ಅಕ್ಕಪಕ್ಕದ ಎರಡು ವಂಶವಾಹಿಗಳಲ್ಲಿ ಯಾವುದಾದರೂ ಒಂದು ಕೆಟ್ಟರೆ ಸಾಕು. ಈ ಬದಲಾವಣೆ ಬೇರೆ ಬೇರೆ ಕಡೆ ಎರಡು ಬಾರಿ ಆಯಿತು ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮನುಷ್ಯ ಜವೆಯನ್ನು ಒಂದಲ್ಲ, ಎರಡು ಸಲ ಮನೆಗೆ ಕರೆತಂದಿದ್ದಾನೆ.

ಹೊಲಕ್ಕೆ ಬಂದ ಮೇಲೆ ಇನ್ನೆರಡು ಬದಲಾವಣೆಗಳಾದವು. ಕಾಡುಜವೆಯ ತೆನೆಯಲ್ಲಿ ಕಾಳಿನ ಸಾಲು ಎರಡೇ. ಕಾಲಕ್ರಮದಲ್ಲಿ ಆರು ಸಾಲಿನ ಜವೆ ಬಂತು. ಇನ್ನು ಕೆಲವು ತಳಿಗಳಲ್ಲಿ ಕಾಳಿಗೆ ಅಂಟಿಕೊಂಡಿರುವ ಹೊಟ್ಟು ಒಕ್ಕಣೆಯಲ್ಲೇ ಬಿಟ್ಟುಹೋಗುವಂತಾಯಿತು. ಇದನ್ನು ಬತ್ತಲೆ ಜವೆ ಎನ್ನಬಹುದು. ಹೊಟ್ಟು ಅಂಟಿದ ಜವೆಯನ್ನು ಹಾಗೆಯೇ ತಿನ್ನಲಾಗದು, ಕುಟ್ಟಿ ಉಜ್ಜಿ ಮೇಲ್ಪದರ ತೆಗೆಯಬೇಕು. ಅಂಗಡಿಯಲ್ಲಿ ಮುತ್ತಿನಂತೆ ಕಾಣುವ ಬಾರ್ಲಿ ಹೀಗೆ ಉಜ್ಜಿದ ಕಾಳು. ಅದನ್ನು ಬಿತ್ತಿದರೆ ಮೊಳೆಯುವುದಿಲ್ಲ.

ಹಣವಾಗಿದ್ದ ಕಾಳು

ಇಂದಿನ ಇರಾಕಿನಲ್ಲಿ ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳ ನಡುವೆ ಸುಮೇರಿಯನ್ನರು ಐದು ಸಾವಿರ ವರ್ಷಗಳ ಹಿಂದೆ ನಗರಗಳನ್ನು ಕಟ್ಟಿದರು. ಬರವಣಿಗೆ ಹುಟ್ಟಿದ್ದೂ ಅಲ್ಲಿಯೇ. ಉರುಕ್ ನಗರದ ಆದಿಕಾಲದ ಮಣ್ಣಿನ ಹಲಗೆಗಳಲ್ಲಿ ಕಾವ್ಯವಿಲ್ಲ, ರಾಜರ ಹೊಗಳಿಕೆಯಿಲ್ಲ. ಬಹುಪಾಲು ಇರುವುದು ಲೆಕ್ಕಪತ್ರ: ಎಷ್ಟು ಜವೆ ಕಣಜಕ್ಕೆ ಬಂತು, ಎಷ್ಟು ಹೋಯಿತು, ಯಾರಿಗೆ ಹೋಯಿತು. ಮನುಷ್ಯ ಬರೆಯಲು ಕಲಿತದ್ದಕ್ಕೆ ಜವೆಯ ರಾಶಿಯೂ ಒಂದು ಕಾರಣ ಎಂದರೆ ತಪ್ಪಾಗದು.

ಕ್ರಿ.ಪೂ. 2100ರ ಸುಮಾರಿನಲ್ಲಿ ಊರ್ ಪಟ್ಟಣದ ಅರಸರು ಆಳುತ್ತಿದ್ದಾಗ ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಲೀಟರಿನಷ್ಟು ಜವೆ ಪಡಿಯಾಗಿ ಸಿಗುತ್ತಿತ್ತು, ಹೆಣ್ಣಾಳಿಗೆ ಅದರ ಅರ್ಧ. ಸುಮಾರು 300 ಲೀಟರ್ ಜವೆಗೆ ಒಂದು ಶೆಕೆಲ್ ಬೆಳ್ಳಿ ಎಂಬುದು ಲೆಕ್ಕದ ದರ. ಆ ಶೆಕೆಲ್‌ನ 180ನೇ ಒಂದು ಭಾಗವನ್ನು 'ಷೆ' ಎಂದು ಕರೆಯುತ್ತಿದ್ದರು. ಷೆ ಎಂದರೆ ಜವೆಯ ಕಾಳು ಎಂದೇ ಅರ್ಥ. ಬಾಬಿಲೋನಿನ ಹಮ್ಮುರಬಿ ಅರಸನ ಶಾಸನ ಬೆಳ್ಳಿಯ ಸಾಲಕ್ಕೆ ನೂರಕ್ಕೆ 20, ಜವೆಯ ಸಾಲಕ್ಕೆ ನೂರಕ್ಕೆ 33ರಷ್ಟು ಬಡ್ಡಿಯನ್ನು ನಿಗದಿ ಮಾಡಿತ್ತು. ಬೆಳ್ಳಿ ಕೊಟ್ಟು ಪಡೆಯುವವರು ವ್ಯಾಪಾರಿಗಳು. ಬಿತ್ತನೆ ಕಾಲದಲ್ಲಿ ಜವೆ ಕಡ ತಂದು ಸುಗ್ಗಿಯಲ್ಲಿ ತೀರಿಸುವವರು ರೈತರು. ಹೆಚ್ಚು ಬಡ್ಡಿ ಯಾರ ತಲೆಗೆ ಬಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಜವೆಯನ್ನೇ ನೆನೆಸಿ ಮೊಳಕೆ ಬರಿಸಿ ಬಿಯರ್ ತಯಾರಿಸುವ ಕಲೆಯೂ ಸುಮೇರಿಯನ್ನರಿಗೆ ಚೆನ್ನಾಗಿ ಗೊತ್ತಿತ್ತು. ನಿನ್ಕಾಸಿ ಎಂಬ ದೇವಿ ಅವರಲ್ಲಿ ಬಿಯರಿನ ಅಧಿದೇವತೆ. ಈಜಿಪ್ಟಿನಲ್ಲೂ ರೊಟ್ಟಿ ಮತ್ತು ಬಿಯರ್ ದುಡಿಯುವ ಜನರ ದಿನದ ಆಹಾರ. ಅವರ ಪಾಲಿಗೆ ಬಿಯರ್ ಅಮಲಿಗಿಂತ ಹೆಚ್ಚಾಗಿ ಹೊಟ್ಟೆ ತುಂಬಿಸುವ ಅಂಬಲಿಯೇ ಆಗಿತ್ತು.

ಸುಮೇರಿಯನ್ನರು ಗೋಧಿಯನ್ನು ಬಿಟ್ಟು ಜವೆಗೆ ಇಷ್ಟೊಂದು ಅಂಟಿಕೊಂಡದ್ದೇಕೆ? 1958ರಲ್ಲಿ ಥೋರ್ಕಿಲ್ಡ್ ಜೇಕಬ್ಸನ್ ಮತ್ತು ರಾಬರ್ಟ್ ಆಡಮ್ಸ್ ಎಂಬ ಇಬ್ಬರು ವಿದ್ವಾಂಸರು ಒಂದು ಉತ್ತರ ಕೊಟ್ಟರು. ಕಾಲುವೆ ನೀರು ವರ್ಷಾನುಗಟ್ಟಲೆ ಹರಿದು, ಬಸಿದುಹೋಗಲು ದಾರಿಯಿಲ್ಲದೆ ನೆಲದೊಳಗಿನ ಉಪ್ಪು ಮೇಲಕ್ಕೆ ಬಂತು. ಗೋಧಿ ಉಪ್ಪನ್ನು ತಾಳದು. ಜವೆ ಸಾಕಷ್ಟು ತಾಳುತ್ತದೆ. ಆದ್ದರಿಂದ ಶತಮಾನಗಳು ಕಳೆದಂತೆ ದಕ್ಷಿಣ ಇರಾಕಿನ ಹೊಲಗಳಿಂದ ಗೋಧಿ ಹಿಂದೆ ಸರಿದು ಜವೆ ಮಾತ್ರ ಉಳಿಯಿತು, ಕೊನೆಗೆ ಅದರ ಇಳುವರಿಯೂ ಕುಸಿಯಿತು ಎಂಬುದು ಅವರ ವಾದ. ನಗರಗಳ ಅವನತಿಗೆ ಉಪ್ಪೊಂದೇ ಕಾರಣವೇ ಎಂಬ ಬಗ್ಗೆ ಆಮೇಲಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಗೋಧಿಗೆ ಒಗ್ಗದ ಸವಳು ನೆಲದಲ್ಲಿ ಜವೆ ಬೆಳೆಯುತ್ತದೆ ಎಂಬುದು ಇಂದಿಗೂ ರೈತರು ಕಾಣುವ ಸತ್ಯ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ನೆಲ ಸವಳಾದದ್ದನ್ನು ಕಂಡವರಿಗೆ ಸುಮೇರಿಯದ ಈ ಕಥೆ ಅಪರಿಚಿತವೆನಿಸದು.

ಯವದಿಂದ ಅಂಗುಲದವರೆಗೆ

ಒಂದೇ ಗಾತ್ರದ ಕಾಳು ಎಲ್ಲ ಊರಿನಲ್ಲೂ ಸಿಗುವಾಗ ಅದು ಅಳತೆಯಾಗುವುದು ಸಹಜ. ಮನುಸ್ಮೃತಿಯಲ್ಲಿ ಆರು ಬಿಳಿ ಸಾಸಿವೆಗೆ ಒಂದು ಮಧ್ಯಮ ಯವ, ಮೂರು ಯವಕ್ಕೆ ಒಂದು ಕೃಷ್ಣಲ ಎಂಬ ತೂಕದ ಲೆಕ್ಕವಿದೆ. ಕೃಷ್ಣಲವೆಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವಗಳ ನಡುಭಾಗವನ್ನು ಒತ್ತಾಗಿ ಜೋಡಿಸಿದರೆ ಒಂದು ಅಂಗುಲ. ಹಸ್ತಸಾಮುದ್ರಿಕದವರು ಹೆಬ್ಬೆರಳಿನ ಗೆಣ್ಣಿನ ಮೇಲೆ ಹುಡುಕುವ 'ಯವ'ವೂ ಈ ಕಾಳಿನ ಆಕಾರದ ರೇಖೆ.

ದೂರದ ಇಂಗ್ಲೆಂಡಿನಲ್ಲೂ ಇಂಥದೇ ಕ್ರಮವಿತ್ತು. ಒಣಗಿದ, ದುಂಡಾದ ಮೂರು ಜವೆಕಾಳುಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು ಎಂದು 14ನೇ ಶತಮಾನದ ಆರಂಭದ ಕಟ್ಟಳೆ ಹೇಳುತ್ತಿತ್ತು. ಆ ಕಟ್ಟಳೆ ಎಂದೋ ಮರೆಯಾದರೂ ಅದರ ಕುರುಹು ಪಾದರಕ್ಷೆ ಅಂಗಡಿಯಲ್ಲಿ ಉಳಿದಿದೆ. ಬ್ರಿಟಿಷ್ ಪದ್ಧತಿಯಲ್ಲಿ ಏಳನೇ ನಂಬರಿಗೂ ಎಂಟನೇ ನಂಬರಿಗೂ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಒಂದು ಜವೆಕಾಳಿನ ಉದ್ದ. ಚಪ್ಪಲಿ ಕೊಳ್ಳುವಾಗ ನಾವು ಕೇಳುವುದು ಜವೆಯ ಲೆಕ್ಕವನ್ನೇ.

ವೇದದ ಧಾನ್ಯ, ಸಂಗನಕಲ್ಲಿನ ಅತಿಥಿ

ಭಾರತ ಉಪಖಂಡದಲ್ಲಿ ಜವೆಯ ಅತಿ ಹಳೆಯ ಕುರುಹು ಸಿಕ್ಕಿರುವುದು ಬಲೂಚಿಸ್ತಾನದ ಮೆಹರ್‌ಗಢದಲ್ಲಿ. ಫ್ರೆಂಚ್ ಪುರಾತತ್ವಜ್ಞ ಜ್ಯಾಂ ಫ್ರಾನ್ಸುವ ಜಾರಿಜ್ ಅವರ ತಂಡ 1974ರಿಂದ ಅಲ್ಲಿ ಉತ್ಖನನ ನಡೆಸಿತು. ಏಳು ಸಾವಿರ ವರ್ಷಗಳಿಗೂ ಹಿಂದಿನ ಪದರಗಳಲ್ಲಿ ಕಂಡ ಕಾಳಿನ ಗುರುತುಗಳಲ್ಲಿ ಬಹುಪಾಲು ಜವೆಯದು. ಹರಪ್ಪ ನಾಗರಿಕತೆಯ ಜನರೂ ಗೋಧಿಯ ಜೊತೆಗೆ ಜವೆಯನ್ನು ಚಳಿಗಾಲದ ಬೆಳೆಯಾಗಿ ಬೆಳೆದರು.

ಋಗ್ವೇದದಲ್ಲಿ ಯವದ ಹೆಸರು ಮತ್ತೆ ಮತ್ತೆ ಬರುತ್ತದೆ, ಅಕ್ಕಿಯ ಹೆಸರು ಬರುವುದಿಲ್ಲ. ಆದಿಯಲ್ಲಿ ಯವವೆಂದರೆ ಯಾವುದೇ ಧಾನ್ಯವೆಂಬ ಅರ್ಥವಿದ್ದು ಆಮೇಲೆ ಜವೆಗೆ ನಿಂತಿತು ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಥರ್ವವೇದದ ಹೊತ್ತಿಗೆ ವ್ರೀಹಿ ಮತ್ತು ಯವ, ಅಂದರೆ ಭತ್ತ ಮತ್ತು ಜವೆ, ಜೋಡಿಯಾಗಿ ಕಾಣಿಸಿಕೊಳ್ಳುತ್ತವೆ. ಹುರಿದ ಜವೆ ಧಾನಾ, ಅದರ ಹುರಿಹಿಟ್ಟು ಸಕ್ತು, ಗಂಜಿ ಯವಾಗು. ವರುಣಪ್ರಘಾಸವೆಂಬ ಯಾಗದಲ್ಲಿ ಜವೆಯ ಹಿಟ್ಟಿನಿಂದ ಪುಟ್ಟ ಪಾತ್ರೆಗಳನ್ನು ಮಾಡಿ ಅರ್ಪಿಸುವ ವಿಧಿಯಿತ್ತು. ಸಕ್ತು ಎಂಬುದೇ ಇಂದು ಬಿಹಾರ, ಉತ್ತರ ಪ್ರದೇಶದವರ ಸತ್ತು. ಅದರಲ್ಲಿ ಈಗ ಕಡಲೆಗೆ ಮೊದಲ ಸ್ಥಾನವಾದರೂ ಜವೆಯ ಸತ್ತು ಮರೆಯಾಗಿಲ್ಲ.

ಕರ್ನಾಟಕಕ್ಕೂ ಜವೆ ಬಂದಿತ್ತು. ಬಳ್ಳಾರಿಯ ಬಳಿಯ ಸಂಗನಕಲ್ಲು ಬೆಟ್ಟದ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಬೀಜಗಳನ್ನು ಪುರಾತನ ಸಸ್ಯತಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಅಲ್ಲಿನ ಜನರ ಮುಖ್ಯ ಆಹಾರ ಹುರುಳಿ, ಹೆಸರು, ಕೊರಲೆಯಂಥ ಈ ನೆಲದ್ದೇ ಕಾಳುಗಳು. ಅವುಗಳ ನಡುವೆ ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಗೋಧಿ ಮತ್ತು ಜವೆಯೂ ಸ್ವಲ್ಪ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತವೆ. ಉತ್ತರದಿಂದ ಕೈಯಿಂದ ಕೈಗೆ ದಾಟಿ ಬಂದ ಬೀಜ ಅದು. ಆದರೆ ಜವೆಗೆ ಬೇಕಾದದ್ದು ತಣ್ಣನೆಯ, ದೀರ್ಘ ಚಳಿಗಾಲ. ಮುಂಗಾರು ಮಳೆಯನ್ನೇ ನಂಬಿದ ದಕ್ಷಿಣದ ಬೇಸಾಯದಲ್ಲಿ ಅದು ಅತಿಥಿಯಾಗಿಯೇ ಉಳಿಯಿತು, ಮನೆಯವನಾಗಲಿಲ್ಲ.

ಬೆಳೆ ನಿಲ್ಲದಿದ್ದರೂ ಆಚರಣೆ ನಿಂತಿತು. ಶ್ರಾದ್ಧದಲ್ಲಿ ಪಿತೃಗಳಿಗೆ ಎಳ್ಳು, ವಿಶ್ವೇದೇವರಿಗೆ ಯವ ಎಂಬುದು ಧರ್ಮಶಾಸ್ತ್ರದ ವಿಧಿ. ಊರಿನಲ್ಲಿ ಬೆಳೆಯದ ಧಾನ್ಯವನ್ನು ಗ್ರಂಧಿಗೆ ಅಂಗಡಿಯಿಂದ ಒಂದು ಹಿಡಿ ತಂದು ಕ್ರಿಯೆ ಮುಗಿಸುವವರ ಕೈಯಲ್ಲಿರುವುದು ಸಾವಿರಾರು ವರ್ಷಗಳ ಹಿಂದೆ ಇನ್ನೊಂದು ನೆಲದಲ್ಲಿ ಉಂಡ ಅನ್ನದ ನೆನಪು. ಉತ್ತರ ಭಾರತದಲ್ಲಿ ನವರಾತ್ರಿಯ ಮೊದಲ ದಿನ ಮಣ್ಣಿನ ಪಾತ್ರೆಯಲ್ಲಿ ಜೌ ಬಿತ್ತಿ, ಒಂಬತ್ತು ದಿನದಲ್ಲಿ ಮೊಳಕೆ ಎಷ್ಟು ಸೊಂಪಾಗಿ ಬಂತೆಂದು ನೋಡುತ್ತಾರೆ. ಹಬ್ಬದ ಶಾಸ್ತ್ರವಾಗಿ ಕಾಣುವ ಇದರಲ್ಲಿ ಹಿಂಗಾರು ಬಿತ್ತನೆಗೆ ಮುಂಚೆ ಬೀಜದ ಕಸುವನ್ನು ಪರೀಕ್ಷಿಸುವ ರೈತನ ಜಾಣ್ಮೆಯನ್ನೂ ಕಾಣಬಹುದು.

ಮಾನ ಕಳೆದುಕೊಂಡ ರೊಟ್ಟಿ

ಗ್ರೀಕರ ಎಲ್ಯೂಸಿಸ್ ಕ್ಷೇತ್ರದಲ್ಲಿ ದೀಕ್ಷೆ ಪಡೆಯುವವರು ಜವೆ, ನೀರು, ಪುದೀನ ಜಾತಿಯ ಸೊಪ್ಪು ಬೆರೆಸಿದ ಪಾನೀಯ ಕುಡಿಯುತ್ತಿದ್ದರು. ರೋಮನ್ನರ ಕಾಲಕ್ಕೆ ಬರುವ ಹೊತ್ತಿಗೆ ಜವೆಯ ಮಾನ ಇಳಿದಿತ್ತು. ಯುದ್ಧದಲ್ಲಿ ಹೇಡಿತನ ತೋರಿದ ತುಕಡಿಯಲ್ಲಿ ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವ ಶಿಕ್ಷೆ ರೋಮನ್ ಸೈನ್ಯದಲ್ಲಿತ್ತು. ಬದುಕುಳಿದ ಒಂಬತ್ತು ಮಂದಿಗೆ ಗೋಧಿಯ ಬದಲು ಜವೆಯನ್ನು ಪಡಿಯಾಗಿ ಕೊಟ್ಟು ಪಾಳೆಯದ ಹೊರಗೆ ಮಲಗಿಸುತ್ತಿದ್ದರು ಎಂದು ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರುಗಳಿಗೆ 'ಜವೆ ತಿನ್ನುವವರು' ಎಂಬ ಅಡ್ಡಹೆಸರಿತ್ತು. ಬೈಬಲಿನಲ್ಲಿ ಬಡ ವಿಧವೆ ರೂತಳು ಹಕ್ಕಲಾಯ್ದದ್ದು ಜವೆಯ ಹೊಲದಲ್ಲಿ. ಯೇಸು ಐದು ಸಾವಿರ ಜನರ ಹಸಿವು ತಣಿಸಿದ ಪ್ರಸಂಗದಲ್ಲಿ ಹುಡುಗನ ಬಳಿ ಇದ್ದ ಐದು ರೊಟ್ಟಿಗಳೂ ಜವೆಯವೇ. ಕೇಳುತ್ತಿದ್ದವರಿಗೆ ಅದು ಬಡವರ ರೊಟ್ಟಿಯೆಂದು ತಿಳಿದಿತ್ತು.

ಈ ಮಾನಹಾನಿಗೆ ಕಾರಣ ಹಿಟ್ಟಿನ ಗುಣದಲ್ಲಿದೆ. ಗೋಧಿಯ ಹಿಟ್ಟು ನಾದಿದರೆ ಎಳೆಯೆಳೆಯಾಗಿ ಹಿಗ್ಗುತ್ತದೆ. ಹುಳಿ ಬಂದಾಗ ಏಳುವ ಗಾಳಿಯನ್ನು ಹಿಡಿದಿಟ್ಟುಕೊಂಡು ಮೆತ್ತನೆಯ ಬ್ರೆಡ್ ಆಗುತ್ತದೆ. ಜವೆಯ ಹಿಟ್ಟಿಗೆ ಆ ಜಿಗುಟಿಲ್ಲ. ಅದರ ರೊಟ್ಟಿ ದಪ್ಪ, ಬಣ್ಣ ಮಂಕು, ಆರಿದರೆ ಗಟ್ಟಿ. ಮೇಲಾಗಿ ಹೊಟ್ಟು ತೆಗೆಯುವ ಕೆಲಸ ಬೇರೆ. ಕೈಯಲ್ಲಿ ಕಾಸು ಓಡಾಡಿದಲ್ಲೆಲ್ಲ ಜನ ಗೋಧಿಯ ಕಡೆ ವಾಲಿದರು. ಯಾವ ಧಾನ್ಯ ಯಾರದೆಂಬುದನ್ನು ಕೊನೆಗೆ ಕಾನೂನೂ ಹೇಳತೊಡಗಿತು. ಜರ್ಮನಿಯ ಬವೇರಿಯಾದಲ್ಲಿ 1516ರ ಕಟ್ಟಳೆ ಬಿಯರಿಗೆ ಜವೆ, ಹಾಪ್ಸ್ ಮತ್ತು ನೀರನ್ನು ಮಾತ್ರ ಬಳಸಬೇಕೆಂದಿತು. ಗೋಧಿಯನ್ನು ಬ್ರೆಡ್ಡಿಗೆ ಉಳಿಸುವುದೂ ಅದರ ಒಂದು ಉದ್ದೇಶವಾಗಿತ್ತೆಂದು ಹೇಳಲಾಗುತ್ತದೆ. ಇಂದು ಮೆಕ್ಕೆಜೋಳ, ಗೋಧಿ, ಅಕ್ಕಿಯ ನಂತರ ಜವೆಯೇ ಜಗತ್ತಿನ ನಾಲ್ಕನೇ ದೊಡ್ಡ ಏಕದಳ ಧಾನ್ಯ. ಆದರೆ ಅದರ ದೊಡ್ಡ ಪಾಲು ಹೋಗುವುದು ದನ, ಹಂದಿ, ಕೋಳಿಗಳ ಮೇವಿಗೆ. ಉಳಿದದ್ದರಲ್ಲಿ ಹೆಚ್ಚಿನದು ಮಾಲ್ಟಿಗೆ. ಮನುಷ್ಯನ ತಟ್ಟೆಗೆ ನೇರವಾಗಿ ಬರುವುದು ಅತ್ಯಲ್ಪ.

ಹಿಮದ ಅಂಚಿನ ಅನ್ನ

ಈ ಮಾತಿಗೆ ದೊಡ್ಡ ಅಪವಾದ ಟಿಬೆಟ್ ಮತ್ತು ಅದರ ನೆರೆಯ ಲಡಾಖ್, ಸ್ಪಿತಿ ಕಣಿವೆಗಳು. ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗಿಂತ ಮೇಲೆ ವರ್ಷವಿಡೀ ನೆಲೆಸುವುದು ಮನುಷ್ಯನಿಗೆ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಚೀನಾದ ಚೆನ್ ಫಾಹು ಮತ್ತು ಸಂಗಡಿಗರು 2015ರಲ್ಲಿ ಉತ್ತರ ಪ್ರಕಟಿಸಿದರು. ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಐವತ್ತಕ್ಕೂ ಹೆಚ್ಚು ನೆಲೆಗಳಲ್ಲಿ ಸಿಕ್ಕ ಕಾಳು ಮತ್ತು ಮೂಳೆಗಳನ್ನು ಅವರು ಪರೀಕ್ಷಿಸಿದ್ದರು. ಸಣ್ಣಕಾಳಿನ ಕಿರುಧಾನ್ಯಗಳನ್ನು ನಂಬಿದ್ದ ಚೀನೀ ರೈತರ ಊರುಗಳು ಸುಮಾರು 2,500 ಮೀಟರ್ ಎತ್ತರದಲ್ಲಿ ನಿಂತುಬಿಟ್ಟಿದ್ದವು. ಸುಮಾರು 3,600 ವರ್ಷಗಳ ಹಿಂದೆ ಪಶ್ಚಿಮದಿಂದ ಜವೆ ಬಂತು. ಹಿಮದ ಕಡಿತವನ್ನು ತಾಳುವ ಈ ಧಾನ್ಯ, ಜೊತೆಗೆ ಕುರಿ, ಇವೆರಡನ್ನು ಹಿಡಿದು ಜನ 3,400 ಮೀಟರಿನವರೆಗೂ ಹತ್ತಿ ಊರು ಕಟ್ಟಿದರು. ಹೊರಗೆ ಚಳಿ ಹೆಚ್ಚುತ್ತಿದ್ದ ಕಾಲದಲ್ಲೇ ಅವರು ಮೇಲೆ ಹತ್ತಿದ್ದು ವಿಶೇಷ. ಇಂದು ಹಿಮಾಲಯದಾಚೆಯ ಕೆಲವು ಊರುಗಳಲ್ಲಿ 4,000 ಮೀಟರಿಗಿಂತ ಮೇಲೂ ಜವೆಯ ಹೊಲಗಳಿವೆ.

ಅಲ್ಲಿ ಬೆಳೆಯುವುದು ಬತ್ತಲೆ ಜವೆ. ಮೇ ತಿಂಗಳ ಸುಮಾರಿಗೆ ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ಹಾಯಿಸಿ ಬಿತ್ತುತ್ತಾರೆ, ಮತ್ತೆ ಹಿಮ ಬೀಳುವ ಮೊದಲೇ ಕೊಯ್ಯುತ್ತಾರೆ. ಕಾಳನ್ನು ಬಿಸಿ ಮರಳಿನಲ್ಲಿ ಹುರಿದು, ಹೊಳೆಯ ನೀರಿನಿಂದ ತಿರುಗುವ ಬೀಸುಕಲ್ಲಿನಲ್ಲಿ ಬೀಸಿದರೆ ತ್ಸಂಪಾ ಸಿದ್ಧ. ನಮ್ಮ ರಾಗಿ ಹುರಿಹಿಟ್ಟಿನ ಸೋದರ ಅದು. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನುತ್ತಾರೆ. ಬೇಯಿಸಬೇಕಿಲ್ಲ, ಕೆಡುವುದಿಲ್ಲ, ಚೀಲದಲ್ಲಿ ಹಾಕಿಕೊಂಡು ದಿನಗಟ್ಟಲೆ ನಡೆಯಬಹುದು. ಸೌದೆ ಸಿಗದ, ನೀರು ಬೇಗ ಕುದಿದರೂ ಕಾಳು ಬೇಯದ ಎತ್ತರದಲ್ಲಿ ಇದಕ್ಕಿಂತ ಜಾಣತನದ ಅಡುಗೆ ಇನ್ನೊಂದಿಲ್ಲ. ಜವೆಯಿಂದಲೇ ತಯಾರಾಗುವ ಛಾಂಗ್ ಎಂಬ ಪಾನೀಯ ಹಬ್ಬ, ಮದುವೆಗಳ ಸಂಗಾತಿ.

ಆದರೆ ಇಲ್ಲಿಯೂ ಗಾಳಿ ಬದಲಾಗಿದೆ. ರಸ್ತೆ ಬಂದ ಮೇಲೆ ಪಡಿತರದ ಅಕ್ಕಿ, ಗೋಧಿಹಿಟ್ಟು ಅಗ್ಗವಾಗಿ ಮನೆಬಾಗಿಲಿಗೆ ಬಂದವು. ಸ್ಪಿತಿಯಲ್ಲಿ ಜವೆಯ ಹೊಲಗಳನ್ನು ಹಸಿ ಬಟಾಣಿ ಆಕ್ರಮಿಸಿತು. ಬಟಾಣಿಯ ಹಣ ಮಕ್ಕಳ ಓದಿಗೆ, ಮನೆ ಕಟ್ಟಲು ಆಯಿತು, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಪೇಟೆಯ ದಾರಿ ಮುಚ್ಚಿದ ದಿನ ಬಟಾಣಿ ಮಾರಿ ಬದುಕುವವರ ಕಣಜದಲ್ಲಿ ಏನಿರುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ.

ಬಿತ್ತನೆಯಿಂದ ಕಣದವರೆಗೆ

ಬಯಲು ನಾಡಿನಲ್ಲಿ ಜವೆ ಹಿಂಗಾರು ಬೆಳೆ. ರಾಜಸ್ಥಾನ ಇದರಲ್ಲಿ ಮುಂದು; ಉತ್ತರ ಪ್ರದೇಶ, ಮಧ್ಯ ಪ್ರದೇಶ, ಹರಿಯಾಣ, ಪಂಜಾಬುಗಳಲ್ಲೂ ಬೆಳೆಯುತ್ತಾರೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನೊಳಗೆ ಬಿತ್ತನೆಯಾಗಬೇಕು. ಹೆಕ್ಟೇರಿಗೆ ಸುಮಾರು 100 ಕಿಲೊ ಬೀಜ ಬೇಕು. ಕೂರಿಗೆಯಲ್ಲಿ ಒಂಬತ್ತು ಅಂಗುಲದಷ್ಟು ಅಂತರದ ಸಾಲುಗಳಲ್ಲಿ, ಎರಡು ಅಂಗುಲದ ಆಳಕ್ಕೆ ಬೀಜ ಬೀಳಬೇಕು. ತೆನೆಯನ್ನು ಕರಿಪುಡಿ ಮಾಡುವ ಕಾಡಿಗೆ ರೋಗ ಬೀಜದ ಮೂಲಕವೇ ಹರಡುವುದರಿಂದ ಬೀಜೋಪಚಾರ ಮರೆಯುವಂತಿಲ್ಲ. ಗೋಧಿಗೆ ಐದಾರು ಬಾರಿ ನೀರು ಕೊಡುವ ಕಡೆ ಜವೆಗೆ ಎರಡು ಮೂರು ಬಾರಿ ಸಾಕು. ನೀರು ನಿಲ್ಲುವುದನ್ನು ಮಾತ್ರ ಅದು ಸಹಿಸದು.

ಗೊಬ್ಬರದಲ್ಲೂ ಮಿತಿ ಬೇಕು. ಸಾರಜನಕ ಹೆಚ್ಚಾದರೆ ಪೈರು ಎತ್ತರಕ್ಕೆ ಹೋಗಿ ನೆಲಕ್ಕೆ ಒರಗುತ್ತದೆ. ಕಾಳಿನಲ್ಲಿ ಪ್ರೋಟೀನ್ ಏರಿದರೆ ಮಾಲ್ಟ್ ತಯಾರಿಸುವವರು ಬೇಡವೆನ್ನುತ್ತಾರೆ. ಮೀಸೆಯಂಥ ಉದ್ದ ಮುಳ್ಳುಗಳ ತೆನೆ ಹೊಂಬಣ್ಣಕ್ಕೆ ತಿರುಗಿ ತಲೆಬಾಗಿದರೆ ಕೊಯ್ಲಿನ ಕಾಲ ಬಂತೆಂದು ಅರ್ಥ. ಬಿತ್ತಿ ನಾಲ್ಕು ತಿಂಗಳಿಗೆ, ಗೋಧಿಗಿಂತ ಮೊದಲೇ, ಕಣ ತುಂಬುತ್ತದೆ. ಮಾರ್ಚಿ ತಿಂಗಳ ಬಿಸಿಗಾಳಿ ಬೀಸುವ ಹೊತ್ತಿಗೆ ಕಾಳು ಬಲಿತಿರುತ್ತದೆ ಎಂಬುದು ಅದರ ಇನ್ನೊಂದು ಅನುಕೂಲ.

ಇಷ್ಟೆಲ್ಲ ಗುಣವಿದ್ದರೂ ಸ್ವತಂತ್ರ ಭಾರತದಲ್ಲಿ ಜವೆಯ ನೆಲ ಕುಗ್ಗುತ್ತಲೇ ಬಂದಿದೆ. 1950ರ ಆಸುಪಾಸಿನಲ್ಲಿ 30 ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ವಿಸ್ತೀರ್ಣ ಈಗ 6 ಲಕ್ಷ ಹೆಕ್ಟೇರಿನ ಸುತ್ತಮುತ್ತ ಇದೆ. 1960ರ ದಶಕದಲ್ಲಿ ಗಿಡ್ಡ ಗೋಧಿ ತಳಿಗಳು ಬಂದವು, ಕೊಳವೆಬಾವಿಗಳು ಬಂದವು, ಸರ್ಕಾರದ ಖರೀದಿ ಬಂತು. ಬೆಂಬಲ ಬೆಲೆಯ ಪಟ್ಟಿಯಲ್ಲಿ ಜವೆಯ ಹೆಸರೂ ಇದೆ. ದೊಡ್ಡ ಪ್ರಮಾಣದಲ್ಲಿ ಖರೀದಿಯಾಗುವುದು ಗೋಧಿ. ರೈತ ನೀರಿದ್ದಲ್ಲಿ ಗೋಧಿ ಬಿತ್ತಿದ. ನೀರಿಲ್ಲದಲ್ಲಿ, ನೆಲ ಸವಳಾದಲ್ಲಿ ಜವೆಯನ್ನು ಉಳಿಸಿಕೊಂಡ. ಸುಮೇರಿಯದ ಕಥೆ ಇಲ್ಲಿಯೂ ಮರುಕಳಿಸಿತು.

ಮೊಳಕೆಯೊಳಗಿನ ಸಿಹಿ

ಜವೆಗೆ ಇಂದು ದೊಡ್ಡ ಗಿರಾಕಿ ಮಾಲ್ಟ್ ಉದ್ಯಮ. ಕಾಳನ್ನು ಎರಡು ದಿನ ನೆನೆಸಿ, ನಾಲ್ಕೈದು ದಿನ ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಸರಿಯಾದ ಗಳಿಗೆಯಲ್ಲಿ ಒಣಗಿಸಿ ಆ ಶಕ್ತಿಯನ್ನು ಕಾಳಿನಲ್ಲೇ ಕಟ್ಟಿಹಾಕುವುದೇ ಈ ಕಸುಬಿನ ಗುಟ್ಟು. ರೊಟ್ಟಿಗೆ ತೊಡಕಾಗಿದ್ದ ಹೊಟ್ಟು ಇಲ್ಲಿ ಉಪಕಾರಿ: ಬಿಯರ್ ಕಾಯಿಸುವಾಗ ಅದೇ ಸೋಸುವ ಹಾಸಿಗೆಯಾಗುತ್ತದೆ.

ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಸಹೋದರರು ಅಮೆರಿಕದಲ್ಲಿ ಮಾಲ್ಟು, ಹಾಲು ಬೆರೆತ ಪುಡಿಗೆ 1883ರಲ್ಲಿ ಹಕ್ಕುಪತ್ರ ಪಡೆದರು. ದಕ್ಷಿಣ ಭಾರತದ ಮನೆಗಳಲ್ಲಿ ಜವೆ ಬಹಳ ಕಾಲ ಆ ಹೆಸರಿನ ಸೀಸೆಯೊಳಗೆ ಅಡಗಿಕೊಂಡೇ ಬಂತು. ಜವೆಯ ಜೊತೆಗೆ ಬಂದ ಮಾಲ್ಟ್ ಎಂಬ ಪದ ನಮ್ಮಲ್ಲಿ ರಾಗಿಗೆ ಅಂಟಿಕೊಂಡಿತು. ಮೊಳಕೆ ಬರಿಸಿದ ರಾಗಿಯೂ ಇದೇ ಗುಣ ತೋರುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ರಾಗಿ ಮಾಲ್ಟಿನ ಬಗ್ಗೆ ಮಹತ್ವದ ಸಂಶೋಧನೆಗಳು ನಡೆದಿವೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಭಾರತದ ಜವೆಯಿಂದ ತಯಾರಿಸಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ.

ಪಥ್ಯದ ಹೆಸರೂ ಸುಮ್ಮನೆ ಬಂದದ್ದಲ್ಲ. ಚರಕ ಸಂಹಿತೆ ಪ್ರಮೇಹದವರಿಗೆ ಯವವನ್ನು ಮುಖ್ಯ ಆಹಾರವಾಗಿ ಹೇಳುತ್ತದೆ. ಜವೆಯ ಗಿಡವನ್ನು ಸುಟ್ಟ ಬೂದಿಯಿಂದ ತೆಗೆಯುವ ಯವಕ್ಷಾರ ಆಯುರ್ವೇದದ ಔಷಧಿ. ಜವೆಯಲ್ಲಿ ಬೀಟಾ ಗ್ಲೂಕಾನ್ ಎಂಬ ನೀರಿನಲ್ಲಿ ಕರಗುವ ನಾರು ಹೇರಳವಾಗಿದೆ. ಅದು ಹೊಟ್ಟೆಯಲ್ಲಿ ಲೋಳೆಯಾಗಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ. ಈ ಗುಣವನ್ನು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ಅನುಮತಿ ಕೊಟ್ಟಿತು. ಆದರೆ ಗೋಧಿಯ ಗ್ಲುಟೆನ್ ಒಗ್ಗದವರಿಗೆ ಜವೆಯೂ ಒಗ್ಗುವುದಿಲ್ಲ ಎಂಬುದನ್ನು ಮರೆಯಬಾರದು.

ಹಿಮದ ನಾಡಿಗೆ ಹೋಗಿ ಬಂದ ಬೀಜ

ಜವೆ ಹುಟ್ಟಿದ ಸೀಮೆಯಲ್ಲೇ, ಸಿರಿಯಾದ ಅಲೆಪ್ಪೊ ನಗರದ ಬಳಿ, ಒಣನೆಲದ ಬೇಸಾಯಕ್ಕಾಗಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ 1977ರಲ್ಲಿ ಸ್ಥಾಪನೆಯಾಯಿತು. ಜವೆ, ಗೋಧಿ, ಕಡಲೆ, ಚನ್ನಂಗಿಯ ಸಾವಿರಾರು ನಾಡತಳಿಗಳ, ಕಾಡುತಳಿಗಳ ಬೀಜ ಅಲ್ಲಿನ ಭಂಡಾರದಲ್ಲಿದ್ದವು. ಬರ ತಾಳುವ ಜವೆಯೊಂದು, ರೋಗ ತಾಳುವ ಜವೆಯೊಂದು, ಹೀಗೆ ರೈತರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದ ಬುದ್ಧಿವಂತಿಕೆ ಅದು. 2011ರಲ್ಲಿ ಆರಂಭವಾದ ಅಂತರ್ಯುದ್ಧ ಅಲೆಪ್ಪೊವನ್ನು ಮುತ್ತಿದಾಗ ವಿಜ್ಞಾನಿಗಳು ಕೇಂದ್ರವನ್ನು ಬಿಟ್ಟು ಹೊರಡಬೇಕಾಯಿತು.

ಅದೃಷ್ಟಕ್ಕೆ ಅವರು ಮೊದಲೇ ಬೀಜಗಳ ಜೋಡಿ ಪ್ರತಿಯನ್ನು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಕಣಜಕ್ಕೆ ಕಳುಹಿಸಿದ್ದರು. ಉತ್ತರ ಧ್ರುವದ ಸಮೀಪ ಹಿಮಗಟ್ಟಿದ ಬೆಟ್ಟದೊಳಗೆ ಕೊರೆದ ಆ ಕಣಜದಿಂದ ಮೊಟ್ಟಮೊದಲ ಬಾರಿಗೆ ಬೀಜ ಹಿಂದಕ್ಕೆ ಪಡೆದದ್ದು ಇಕಾರ್ಡಾವೇ, 2015ರಲ್ಲಿ. ಆ ಬೀಜವನ್ನು ಲೆಬನಾನ್ ಮತ್ತು ಮೊರಾಕ್ಕೊದ ಹೊಲಗಳಲ್ಲಿ ಬಿತ್ತಿ ಬೆಳೆದರು. 2017ರಲ್ಲಿ ಹೊಸ ಸುಗ್ಗಿಯ ಬೀಜದ ಒಂದು ಪಾಲು ಮರಳಿ ಸ್ವಾಲ್‌ಬಾರ್ಡಿಗೆ ಹೋಯಿತು. ಕಣಜದಲ್ಲಿಟ್ಟ ಬೀಜವೂ ಶಾಶ್ವತವಲ್ಲ. ಆಗಾಗ ಅದನ್ನು ಮಣ್ಣಿಗೆ ಹಾಕಿ ಹೊಸದು ಮಾಡಿಕೊಳ್ಳಲೇಬೇಕು.

ಈ ಬೀಜಗಳ ಬೆಲೆ ಮುಂದಿನ ದಿನಗಳಲ್ಲಿ ಹೆಚ್ಚಲಿದೆ. ಬರ ಮತ್ತು ಬಿಸಿಲು ಒಟ್ಟಿಗೆ ಹೊಡೆದ ವರ್ಷಗಳಲ್ಲಿ ಜಗತ್ತಿನ ಜವೆಯ ಇಳುವರಿ ಸರಾಸರಿ 3ರಿಂದ 17 ಶೇಕಡಾ ಕುಸಿಯಬಹುದು ಎಂದು 2018ರ ಅಧ್ಯಯನವೊಂದು ಅಂದಾಜು ಮಾಡಿತು. ಬಿಯರ್ ತುಟ್ಟಿಯಾಗುತ್ತದೆಂದು ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಬೇರೇನೂ ಬೆಳೆಯದ ನೆಲದಲ್ಲಿ ಜವೆಯೂ ಸೋತರೆ ಅಲ್ಲಿನವರು ಏನು ತಿನ್ನಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕರ್ನಾಟಕದಲ್ಲಿ ಇಂಥದೇ ಕಥೆ ನವಣೆ, ಸಾಮೆ, ಕೊರಲೆಗಳದು. ಅಗ್ಗದ ಅಕ್ಕಿ ಬಂದಾಗ ಅವು ಬಡವರ ಊಟವೆನಿಸಿಕೊಂಡು ಹಿಂದೆ ಸರಿದವು. ಸಿರಿಧಾನ್ಯವೆಂಬ ಹೊಸ ಹೆಸರು ಹೊತ್ತು ಈಗ ದುಬಾರಿ ಅಂಗಡಿಗಳಿಗೆ ಮರಳಿವೆ. ಅವು ಮರಳಿ ಬರಲು ಸಾಧ್ಯವಾದದ್ದು ಎಲ್ಲೋ ಒಂದೆರಡು ಊರಿನ ರೈತರು ಬೀಜವನ್ನು ಬಿಡದೆ ಬಿತ್ತುತ್ತಿದ್ದುದರಿಂದ. ಜವೆಯ ಹತ್ತು ಸಾವಿರ ವರ್ಷಗಳ ಪಯಣವೂ ಇದನ್ನೇ ಹೇಳುತ್ತದೆ. ಒಳ್ಳೆಯ ಕಾಲದಲ್ಲಿ ಮನುಷ್ಯ ಮರೆತ ಧಾನ್ಯವೇ ಕೆಟ್ಟ ಕಾಲದಲ್ಲಿ ಅವನ ಕೈ ಹಿಡಿದಿದೆ, ಬೀಜ ಉಳಿದಿದ್ದರೆ ಮಾತ್ರ.